ಕಾರಿನಲ್ಲಿ ಉಳಿದ ಬೂಟುಗಳು

ಅಮೆರಿಕದ ಸಮಾಮಿಶ್‌ನ ನಮ್ಮ ಮನೆ ಬಿಟ್ಟಾಗ ಮಳೆ ಹನಿಯುತ್ತಿತ್ತು. ಒಂಬತ್ತು ಗಂಟೆಗೂ ಮಿಕ್ಕಿ ಹಾರಿ ಲಂಡನ್ನಿನಲ್ಲಿ ಇಳಿದಾಗಲೂ ಅದೇ ಮಳೆ. "ಇದನ್ನ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ?" ಎಂದ ನನ್ನ ಗಂಡ ರವಿ. ಇಂಗ್ಲೆಂಡಿನ ಹಳ್ಳಿ ಚರ್ಚುಗಳನ್ನು ನೋಡುವ ಹುಚ್ಚು ನನ್ನದು. ಎಂಟು ವರ್ಷದ ಮಗಳು ಅದಿತಿಗೆ ಕುರಿಮರಿಗಳ ಆಸೆ ತೋರಿಸಿ ಕರೆತಂದಿದ್ದೆ.

ಮರುದಿನ ಬಾಡಿಗೆ ಕಾರಿನಲ್ಲಿ ಹೆರೆಫರ್ಡ್‌ಶೈರ್‌ಗೆ ಹೊರಟೆವು. ಕೊನೆಯ ಹತ್ತು ಮೈಲಿ ಎರಡೂ ಕಡೆ ಬೇಲಿ, ನಡುವೆ ಒಂದೇ ಕಾರಿನ ಜಾಗ. ದಾರಿಯಲ್ಲಿ ಆಲೂಗಡ್ಡೆ ಸೂಪಿಗೆ ನಮ್ಮ ಚಟ್ನಿಪುಡಿ ಉದುರಿಸಿಕೊಂಡು ಕುಡಿದೆವು. ಐದು ಗಂಟೆಯ ಹೊತ್ತಿಗೆ ನಾನು ಹುಡುಕುತ್ತಿದ್ದ ಚರ್ಚು ಸಿಕ್ಕಿತು. ಗಿಡ್ಡ ಗೋಪುರ, ಹಿಂದೆ ಚಾವಣಿ ಕುಸಿದ ಮಠ, ಅದರ ಕೆಳಗೆ ತುಂಬಿ ಹರಿಯುವ ಹೊಳೆ.

ಮೈಸೂರಿನ ಒಂದು ಮದುವೆಯಲ್ಲಿ ಹೊಸ ಬೂಟು ಕಳೆದುಕೊಂಡ ಮೇಲೆ ರವಿ ಚಪ್ಪಲಿ ಬೂಟುಗಳನ್ನು ಯಾವ ಬಾಗಿಲಲ್ಲೂ ಬಿಡುವುದಿಲ್ಲ. ಸ್ನೇಹಿತರ ಮನೆಯ ಪೂಜೆಗೂ ಬೂಟು ಕಾರಿನಲ್ಲಿಟ್ಟು ಮಳೆಯಲ್ಲಿ ಬರಿಗಾಲಲ್ಲಿ ನಡೆಯುತ್ತಾನೆ. ಇಲ್ಲೂ ಅದೇ ಆಯಿತು. ದೇವರ ಮನೆ ತಾನೇ ಎಂದು ಇಬ್ಬರೂ ಬೂಟು ಕಳಚಿ ಕಾರಿನಲ್ಲಿಟ್ಟು ಬೀಗ ಹಾಕಿದೆವು. ಅದಿತಿ ಪಕ್ಕದ ಹೊಲದ ಕುರಿಗಳನ್ನು ನೋಡುತ್ತಾ ಗೋಡೆ ಬಿಟ್ಟು ಬರಲಿಲ್ಲ. "ಐದೇ ನಿಮಿಷ. ಹೊಳೆ ಹತ್ರ ಹೋಗ್ಬೇಡ" ಎಂದೆ. "ಓಕೆ ಅಮ್ಮಾ" ಎಂದಳು.

ಒಳಗೆ ಬಲಿಪೀಠದ ಪಕ್ಕದ ಕೋಣೆಯಲ್ಲಿ ಯೋಧನೊಬ್ಬನ ಕಲ್ಲಿನ ಸಮಾಧಿ ನೋಡುತ್ತಿದ್ದಾಗ ಬೀಗ ತಿರುಗಿದ ಸದ್ದು ಕೇಳಿತು. ಉಣ್ಣೆ ಕಾಲುಚೀಲದಲ್ಲಿ ಜಾರುತ್ತಾ ಓಡಿದೆವು. ಅಷ್ಟರಲ್ಲಿ ಬೀಗ ಹಾಕಿದವರು ಹೋಗಿಬಿಟ್ಟಿದ್ದರು. ಗೇಣುದಪ್ಪದ ಬಾಗಿಲನ್ನು ರವಿ ಎರಡೂ ಕೈಯಿಂದ ಬಡಿದ. ಫೋನಿನಲ್ಲಿ ಸಿಗ್ನಲ್ ಇಲ್ಲ. ಕಿಟಕಿಗಳು ಆಳೆತ್ತರಕ್ಕಿಂತ ಮೇಲೆ.

"ಅದಿತೀ" ಎಂದು ಕೂಗಿದೆ. ಹೊಳೆಯ ಸದ್ದು ಮಾತ್ರ ಚೆನ್ನಾಗಿ ಕೇಳುತ್ತಿತ್ತು.

"ಅವಳು ಜಾಣೆ, ಎಲ್ಲೂ ಹೋಗಲ್ಲ" ಎಂದ ರವಿ. ನಮ್ಮನ್ನು ಹುಡುಕಿಕೊಂಡು ಹೊಳೆಯ ಕಡೆಗೇ ಇಳಿದಿದ್ದರೆ ಎಂದು ನಾನು ಮತ್ತೆ ಬಾಗಿಲು ಬಡಿದೆ. ಕೂಗುತ್ತಲೇ ಇದ್ದೆವು. ಎಷ್ಟು ಹೊತ್ತು ಕಳೆಯಿತೋ ತಿಳಿಯದು.

ಕೊನೆಗೆ ಕೀಲಿ ತಿರುಗಿತು. ಬಾಗಿಲಲ್ಲಿ ಒಬ್ಬ ಅಜ್ಜಿ, ಅವರ ಕೈ ಹಿಡಿದು ತೊಯ್ದು ನಿಂತ ಅದಿತಿ. ಅವಳನ್ನು ಅಪ್ಪಿಕೊಂಡು ನಾನು ಅತ್ತುಬಿಟ್ಟೆ, ನಾಚಿಕೆಯಾಗಲಿಲ್ಲ.

ಬೀಗ ಹಾಕಿದ್ದು ಚರ್ಚಿನ ಕೀಲಿ ನೋಡಿಕೊಳ್ಳುವ ಆ ಅಜ್ಜಿಯೇ. ಕಿವಿ ಮಂದ. ಅಲ್ಲಿ ಹೊಲದ ದಾರಿಯಲ್ಲಿ ನಡೆದು ಬರುವವರೆಲ್ಲ ಕೆಸರು ಬೂಟುಗಳನ್ನು ಬಾಗಿಲಲ್ಲೇ ಬಿಡುತ್ತಾರಂತೆ. ಒಂದು ಜೋಡಿ ಕಂಡಿದ್ದರೂ ಒಳಗೆ ಬಂದು ನೋಡುತ್ತಿದ್ದೆ ಎಂದರು. ಆಮೇಲೆ, ಹೊಳೆಯ ಸದ್ದಿನಲ್ಲಿ ನಮ್ಮ ಕೂಗು ಕೇಳದೆ ಕಾರಿನ ಪಕ್ಕ ಅಳುತ್ತಿದ್ದ ಮಗುವನ್ನು ಕಂಡು, ನಾವು ಪಾಳುಮಠದ ಕಡೆ ಹೋಗಿರಬೇಕೆಂದು ಅತ್ತ ಹೊರಟಿದ್ದರು. ಅದಿತಿ ಕದಲಲಿಲ್ಲವಂತೆ. ಕಾರಿನ ಗಾಜಿನೊಳಗೆ ಬೆರಳು ತೋರಿಸಿ, "ದೆಯರ್ ಶೂಸ್ ಆರ್ ಹಿಯರ್, ಸೋ ದೇ ಆರ್ ಇನ್ ದ ಚರ್ಚ್" ಎಂದಳಂತೆ.

ಉಳಿದ ದಿನಗಳಲ್ಲಿ ಇನ್ನೂ ನಾಲ್ಕು ಚರ್ಚು ನೋಡಿದೆವು. ಎಲ್ಲೂ ಅವಳ ಕೈ ಬಿಡಲಿಲ್ಲ.

ವಾಪಸು ಬಂದ ವಾರ ನಮ್ಮ ಪಕ್ಕದ ಊರು ಇಸ್ಸಾಕ್ವಾದ ಸ್ನೇಹಿತರ ಮನೆಯಲ್ಲಿ ಪೂಜೆಯಿತ್ತು. ಕಾರು ನಿಲ್ಲಿಸಿ ರವಿ ಎಂದಿನಂತೆ ಬೂಟು ಕಳಚಿದ. ಅದಿತಿ ಅದನ್ನು ಎತ್ತಿಕೊಂಡು ಹೋಗಿ ಹೊಸ್ತಿಲ ಮುಂದೆ, ಎಲ್ಲರೂ ದಾಟಿಯೇ ಹೋಗಬೇಕಾದ ಜಾಗದಲ್ಲಿ ಇಟ್ಟಳು. "ಇಲ್ಲೇ ಇರ್ಲಿ ಅಪ್ಪಾ, ಕಾಣ್ಬೇಕು" ಎಂದಳು, ಕನ್ನಡದಲ್ಲಿ. ಹೋದರೆ ಹೋಗಲಿ ಎಂದು ರವಿ ಅವಳ ಹಿಂದೆ ಒಳಗೆ ನಡೆದ.