ರೊಡೊಡೆಂಡ್ರಾನ್ ಪಕ್ಕದ ಕರಿ ಗಿಡ

ಗಂಗಾವತಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಾಗ ನನ್ನಂಥ ಕಿಡಿಗೇಡಿ ಈ ಭತ್ತದ ನಾಡಿನಲ್ಲೇ ಇನ್ನೊಬ್ಬನಿರಲಿಲ್ಲ. ಒಣಗಿಸಿದ ಗಿಡಗಳನ್ನು ಅಂಟಿಸಿಡುವ ಹಾಳೆಗೆ ಪ್ಲಾಸ್ಟಿಕ್ ಹೂವು ಅಂಟಿಸಿ, ತಪಾಸಣೆಗೆ ಬಂದ ಪಂಡಿತರ ಬಾಯಿಂದ ಅದರ ಕುಟುಂಬದ ಹೆಸರು ಹೇಳಿಸಿದವನು ನಾನು!

ನನ್ನ ಚೇಷ್ಟೆಗೆ ಹೆಚ್ಚು ಸಿಕ್ಕವನು ಅದೇ ವಿಭಾಗದ ಗೆಳೆಯ. ಒಮ್ಮೆ ಇಬ್ಬರೂ ಡಾರ್ಜಿಲಿಂಗ್ ಕಡೆ ಹೋಗಿ, ಕೆಂಪು ಹೂವಿನ ಒಂದು ರೊಡೊಡೆಂಡ್ರಾನ್ ಟೊಂಗೆ, ಒಂದು ಮೊನೊಟ್ರೋಪ ಗಿಡ ತಂದೆವು. ಮೊನೊಟ್ರೋಪಕ್ಕೆ ಹಸಿರೇ ಇಲ್ಲ. ಮೇಣದಂತೆ ಬಿಳಿ ಮೈ. ಅಣಬೆಯ ಮೂಲಕ ಮರದ ಅನ್ನ ಉಂಡು ಬದುಕುತ್ತದೆ. ಒಣಗಿದ ಮೇಲೆ ಕರ್ರಗಾಯಿತು.

ರೊಡೊಡೆಂಡ್ರಾನ್ ಎರಿಕೇಸಿ ಕುಟುಂಬದ್ದು. ನಮ್ಮ ಪಠ್ಯದಲ್ಲಿ ಮೊನೊಟ್ರೋಪಕ್ಕೆ ಬೇರೆಯೇ ಕುಟುಂಬ. ಗೆಳೆಯನನ್ನು ರೇಗಿಸಲೆಂದು ಅದರ ಹಾಳೆಗೂ 'ಎರಿಕೇಸಿ' ಎಂದು ಚೀಟಿ ಬರೆದು, ಸಹಿ ಹಾಕಿ ಅಂಟಿಸಿ, ರೊಡೊಡೆಂಡ್ರಾನ್ ಪಕ್ಕದಲ್ಲಿಟ್ಟೆ.

“ಲೇ, ಎಲಿ ಇಲ್ಲ, ಹಸರ ಇಲ್ಲ. ಇದು ಯಾವ ಸೀಮಿ ಬೀಗತನಲೇ?” ಎಂದ ಅವನು.

“ಹೂವು ನೋಡಪಾ. ದುಡದು ತಿನ್ನೂದಿಲ್ಲಂದ್ರ ಒಡಹುಟ್ಟಿದಾಂವ ಅಲ್ಲ ಅಂತೀಯೇನು?”

ಶುರುವಾದದ್ದು ಚೇಷ್ಟೆಯಾಗಿ, ನಿಜ. ಆದರೆ ಹೂವು ಬಿಡಿಸಿ ನೋಡುತ್ತ ಹೋದಂತೆ ನನಗೇ ನಂಬಿಕೆ ಬಂತು. ಅವನು ಹಾಳೆಯನ್ನು ಬೇರೆ ಕಡತಕ್ಕೆ ಸರಿಸುತ್ತಿದ್ದ, ನಾನು ಮರಳಿ ತರುತ್ತಿದ್ದೆ. ಚೀಟಿಯನ್ನು ಮಾತ್ರ ಅವನು ಕೀಳಲಿಲ್ಲ. ನಮ್ಮ ಕಸುಬಿನಲ್ಲಿ ಅದು ಪಾಪ. ಒಪ್ಪದಿದ್ದರೆ ಪಕ್ಕದಲ್ಲಿ ನಿನ್ನದೊಂದು ಅಂಟಿಸು. ಹಿಂದಿನವನ ಚೀಟಿ ಮುಟ್ಟಬೇಡ.

ಮುಂದೆ ಡಿಎನ್‌ಎ ಹೋಲಿಸಿ ಗಿಡಗಳ ವಂಶಾವಳಿ ಬರೆದವರು ಮೊನೊಟ್ರೋಪವನ್ನು ಎರಿಕೇಸಿಯೊಳಗೇ ಸೇರಿಸಿದರು. ಆ ಸುದ್ದಿ ನನ್ನ ಕಿವಿಗೆ ಬಿದ್ದಾಗ ನಿವೃತ್ತನಾಗಿದ್ದೆ. ನನ್ನೂರು ಸಿದ್ದಾಪುರದ ಚಹಾದಂಗಡಿಯಲ್ಲಿ ಕುಳಿತು, “ನಾ ಯಾವಾಗೋ ಬರದೀನ್ರಿ! ಸಹಿ ಐತಿ, ಹೋಗಿ ನೋಡ್ರಿ” ಎಂದು ಮೀಸೆ ತಿರುವಿದೆ.

ಹೋದ ತಿಂಗಳು ಕಾಲೇಜಿನವರು ಹಳೆಯ ಹಾಳೆಗಳನ್ನು ವಿದ್ಯಾರ್ಥಿಗಳಿಗೆ ತೋರಿಸಲು ನಮ್ಮಿಬ್ಬರನ್ನೂ ಕರೆದರು. ಗೆಳೆಯ ಆ ಹಾಳೆ ಎತ್ತಿದ. ಮೇಲೆ ಒಂದೇ ಚೀಟಿ: 'ಎರಿಕೇಸಿ', ಕೆಳಗೆ ಅವನ ಸಹಿ. ನನ್ನ ಚೀಟಿಯಿದ್ದ ಜಾಗದಲ್ಲಿ ಕಾಗದ ಸುಲಿದಿತ್ತು.

“ಆವಾಗ ಯಾರೂ ಒಪ್ಪಲಿಲ್ಲ. ನಾ ಒಬ್ಬನೇ ಹಟ ಹಿಡದಿದ್ದೆ,” ಎಂದ.

“ಅದು ನಂದು. ನಾ ಬರದದ್ದು,” ಎಂದೆ.

ಹುಡುಗಿಯೊಬ್ಬಳು ನಕ್ಕಳು. “ಸರ್, ನಿಮ್ಮ ಚೇಷ್ಟಿ ಭಾಳ ಕೇಳೀವ್ರಿ. ಇದೂ ಅದರಾಗ ಒಂದೇನ್ರಿ?”

ನಾನು ಗೆಳೆಯನ ಮುಖ ನೋಡಿದೆ. ನಿಜ ಬಲ್ಲವನು ಅವನೊಬ್ಬನೇ.

“ಅಂವನ ಮಾತು ಹಿಡೀಬ್ಯಾಡ್ರಿ,” ಎಂದು ಅವನೂ ನಕ್ಕ. “ಮುದುಕ ಆದ್ರೂ ಆಟ ಬಿಟ್ಟಿಲ್ಲ.”

ಇಬ್ಬರಿಗೂ ಶಾಲು ಹೊದಿಸಿದರು. ಹೊರಗೆ ಅವನು ಸ್ಕೂಟರ್ ಚಾಲೂ ಮಾಡಿ, “ಹತ್ತಲೇ, ಬಸ್‌ಸ್ಟ್ಯಾಂಡಿಗೆ ಬಿಡ್ತೀನಿ” ಎಂದ, ಏನೂ ಆಗಿಯೇ ಇಲ್ಲವೆಂಬಂತೆ. ಊರಿಗೆಲ್ಲ ಆಟ ತೋರಿಸಿದವನು ನಾನು. ಅದರಲ್ಲಿ ಯಾವುದು ಆಟ, ಯಾವುದು ನಿಜ ಎಂದು ಅವನೊಬ್ಬನಿಗೆ ಮಾತ್ರ ಹೇಳುತ್ತ ಬಂದಿದ್ದೆ. ಬಿಸಿಲಲ್ಲಿ ನಡೆದೇ ಹೊರಟೆ.