ಚೆನ್ನಾಜಮ್ಮನ ವಿಚಾರಣೆ

ಚೆನ್ನಾಜಮ್ಮನ ಬೆರಳ ತುದಿಗೆ ಬಿಸಿ ತಾಗುತ್ತಿರಲಿಲ್ಲ. ಕುದಿಯುವ ಬಾಣಲೆಯಲ್ಲಿ ತೇಲುವ ರೇಷ್ಮೆಗೂಡುಗಳ ನಡುವೆ ಕೈಯಿಟ್ಟು, ಕಣ್ಣಿಗೆ ಕಾಣದ ಎಳೆಯನ್ನು ಹಿಡಿದೆತ್ತಿ ರಾಟೆಗೆ ಕೊಡುತ್ತಿದ್ದಳು. ನೀರು ನಿಜಕ್ಕೂ ಕುದಿಯುತ್ತಿತ್ತೇ? ಅಮ್ಮ ಇಲ್ಲವೆನ್ನುತ್ತಾಳೆ. ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿದ ಮೇಲೆ ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆವಿ ಏಳುತ್ತಿದ್ದುದಂತೂ ಹೌದು.

ಅವಳ ಶೆಡ್ಡು ಕೊಳ್ಳೇಗಾಲದ ನಮ್ಮ ಬೀದಿಯ ಕೊನೆಯಲ್ಲಿತ್ತು. ಶಾಲೆಯ ಮೆಟ್ಟಿಲು ಹತ್ತದವಳಿಗೆ ಕಾದಂಬರಿಯ ಹುಚ್ಚು. ಬಂದವರೆಲ್ಲ ಓದಿ ಹೇಳಬೇಕು. ಗ್ಯಾಸ್ ಸಿಲಿಂಡರ್ ತಂದವನಿಂದಲೂ ಎರಡು ಪುಟ ಓದಿಸಿ ಕಳಿಸಿದ್ದಳು. ಓದು ಮುಗಿದರೆ ವಿಚಾರಣೆ ಶುರು. "ಇವ್ಳು ಯಾಕ್ ಇಂಗಾಡಿದ್ಲು?" ಕತೆಯಲ್ಲವೇ, ಬಿಡು ಎಂದರೆ, "ಕತೆ ಆದ್ರೆ ಕಾರ್ಣ ಬ್ಯಾಡ್ವಾ?" ಎನ್ನುವಳು.

ದ್ವಿತೀಯ ಪಿಯುಸಿಯ ಭೌತಶಾಸ್ತ್ರ ಪರೀಕ್ಷೆಯ ದಿನ ನಾನು ಉತ್ತರಪತ್ರಿಕೆ ಹರಿದು ಹಾಕಿ, ಬಸ್ ಸ್ಟ್ಯಾಂಡಿನಲ್ಲಿ ಕೂತು ಸಂಜೆಯವರೆಗೆ ಅತ್ತಿದ್ದೆ. ಆಮೇಲೆ ಊಟ ಬೇಡ, ಯಾರ ಮುಖವೂ ಬೇಡ. ಕಾರಣ ಹೇಳುವವರಿಗೆ ಬರವಿರಲಿಲ್ಲ. ಲೆಕ್ಚರರು ಮೊಬೈಲ್ ಅಂದರು. ಎರಡು ವರ್ಷದ ಹಿಂದೆ ಅಣ್ಣ ಬೈಕ್ ಅಪಘಾತದಲ್ಲಿ ತೀರಿಕೊಂಡ ಸೂತಕದಲ್ಲಿ ಬೆಟ್ಟದ ಮಾದಪ್ಪನಿಗೆ ಕೊಡಬೇಕಿದ್ದ ನನ್ನ ಮುಡಿ ಹಾಗೇ ಉಳಿದಿತ್ತು. ಅದರ ದೋಷ ಎಂದಳು ಅಜ್ಜಿ. ಅಮ್ಮ ಬೆಟ್ಟಕ್ಕೆ ನಡೆದೇ ಹೋಗಿ ಬಂದಳು. ಅಣ್ಣ ಹೋದಂದಿನಿಂದ ನನ್ನ ಮುಖ ನೋಡದ ಅಪ್ಪ ಬೆಳಿಗ್ಗೆಯೇ ಹನೂರಿನ ಬಟ್ಟೆ ಅಂಗಡಿಗೆ ಹೊರಟುಬಿಡುತ್ತಿದ್ದ. ಮರುಪರೀಕ್ಷೆಗೆ ಕೂರುವುದಿಲ್ಲ ಎಂದು ನಾನು ಹೇಳಿಯಾಗಿತ್ತು. ಒಬ್ಬನನ್ನೇ ಬಿಡಲು ಹೆದರಿ ಅಮ್ಮ ನನ್ನನ್ನು ಶೆಡ್ಡಿನಲ್ಲಿ ಕೂರಿಸತೊಡಗಿದಳು.

"ಸುಮ್ಕೆ ಕುಂತ್ಕಬ್ಯಾಡ ಕಣ್ಲಾ. ಓದು," ಎಂದು ಚೆನ್ನಾಜಮ್ಮ ರಟ್ಟು ಹರಿದ ಒಂದು ಪುಸ್ತಕ ಕೊಟ್ಟಳು.

ನಡುವೆಲ್ಲೋ ತೆರೆದು ಓದಿದೆ. ಹಾಸ್ಟೆಲಿನಲ್ಲಿದ್ದ ಹದಿನಾರರ ಹುಡುಗನ ಕತೆ. ಛತ್ರಿ ಕಳೆದದ್ದಕ್ಕೆ ವಾರ್ಡನ್ ಗದರಿಸುತ್ತಾನೆ. ಹುಡುಗ ಜಗಲಿಯ ಮೇಲೆ ಬಿದ್ದು, ಏಳಲಾರದೆ, ಅಳುತ್ತಲೇ ಇರುತ್ತಾನೆ.

"ಯಾಕತ್ತ?"

"ವಾರ್ಡನ್ ಬೈದ."

"ಛತ್ರಿಗೆ ಯಾರಾದ್ರೂ ಅಂಗಳ್ತಾರ್ಲಾ?"

ಅಷ್ಟರಲ್ಲಿ ಪಕ್ಕದ ಬಾಣಲೆಯಲ್ಲಿ ಹೊಸದಾಗಿ ಸೇರಿದ್ದ ಹೆಂಗಸಿನ ಎಳೆ ಕಡಿಯಿತು. ಅವಳು ಗಂಟು ಹಾಕಿದಳು, ಮತ್ತೆ ಕಡಿಯಿತು. "ಗಂಟಾಕ್ತಾ ಕುಂತಿದ್ರೆ ಸಂಜೆಗಂಟ ಗಂಟೇಯ," ಎಂದ ಚೆನ್ನಾಜಮ್ಮ ಬಾಣಲೆಯಿಂದ ಒಂದು ಗೂಡನ್ನು ಎತ್ತಿ ಹಿಚುಕಿ ನೋಡಿದಳು. "ಬೆಂದಿಲ್ಲ ನೋಡು. ಕಡಿಯೋದು ಮ್ಯಾಲೆ, ತಪ್ಪಿರೋದು ಕೆಳಗೆ." ನನ್ನತ್ತ ತಿರುಗಿ, "ನೀನೂ ಹಿಂದಕ್ಕೋಗು. ಮೊದ್ಲಿಂದ ಓದು," ಎಂದಳು.

ಮೂರು ದಿನ ಮೊದಲಿನಿಂದ ಓದಿದೆ. ಆ ಹುಡುಗನ ಸತ್ತುಹೋದ ತಂಗಿಯ ಪುಟಗಳು ಬಂದವು. ಹಬ್ಬಕ್ಕೆ ಊರಿಗೆ ಬರುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದ ಹುಡುಗ ಹೋಗಿರಲಿಲ್ಲ. ಅಲ್ಲಿಗೆ ಪುಸ್ತಕ ಮುಚ್ಚಿದೆ. ಚೆನ್ನಾಜಮ್ಮ ರಾಟೆಯ ಮೋಟಾರು ಆರಿಸಿದಳು.

"ಬಸ್ ತಪ್ಪಿರಲಿಲ್ಲ," ಎಂದೆ.

"ಯಾವ ಬಸ್ಸು?"

ಹೇಳಿದೆ. ಅಣ್ಣ ತೀರಿಕೊಂಡ ದಿನ ಯಳಂದೂರಿನಲ್ಲಿ ಕ್ರಿಕೆಟ್ ಮ್ಯಾಚಿತ್ತು. ಬಸ್ಸು ಎದುರಿಗೇ ನಿಂತಿತ್ತು. ಆಟ ಬಿಟ್ಟು ಬರಲು ಮನಸ್ಸಿಲ್ಲದೆ, ಬಸ್ ತಪ್ಪಿತು, ಬಂದು ಕರೆದುಕೊಂಡು ಹೋಗು ಎಂದು ಅಣ್ಣನಿಗೆ ಫೋನ್ ಮಾಡಿದೆ. ಬರುವಾಗ ತಿರುವಿನಲ್ಲಿ ಅವನ ಬೈಕು ಲಾರಿಗೆ ಗುದ್ದಿತು.

ನಿನ್ನ ತಪ್ಪಿಲ್ಲ ಬಿಡು ಎಂದು ಅವಳು ಸಮಾಧಾನ ಮಾಡಲಿಲ್ಲ. "ಸುಳ್ಳೇಳ್ದೆ. ಅದು ನಿಂದು. ಲಾರಿ ನಿಂದಲ್ಲ. ಎರಡ್ನೂ ಒಂದೇ ಬಾಣ್ಲೆಗೆ ಆಕ್ಬುಟ್ಟಿದ್ದೀಯ. ಓಗಿ ನಿಮ್ಮಪ್ಪನ್ಗೆ ಏಳು."

"ಹೊಡೀತಾರೆ."

"ಒಡೀಲಿ. ಓಗು."

ಅಂದು ಸಂಜೆ ಹೇಳಿದೆ. ಅಪ್ಪ ಹೊಡೆಯಲಿಲ್ಲ. "ಬ್ರೇಕ್ ಸರಿ ಇರ್ನಿಲ್ಲ ಕಣ್ಲಾ. ನಂಗೊತ್ತಿತ್ತು. ರಿಪೇರಿಗೆ ಬುಡು ಅಂತ ನಾನೇಳ್ನಿಲ್ಲ," ಎಂದ. ಎರಡು ವರ್ಷ ಅವನು ನನ್ನ ಮುಖ ನೋಡದೆ ಇದ್ದದ್ದು ಯಾಕೆಂದು ಆಗ ತಿಳಿಯಿತು. ಆ ರಾತ್ರಿ ಅಪ್ಪನೂ ನಾನೂ ಒಟ್ಟಿಗೆ ಕೂತು ಉಂಡೆವು.

ಮರುಪರೀಕ್ಷೆಗೆ ಕೂತೆ. ಕೊನೆಯ ಗಂಟೆ ಹೊಡೆಯುವವರೆಗೆ ಬರೆದೆ. ಒಂದು ಪ್ರಶ್ನೆಯನ್ನೂ ಬಿಡಲಿಲ್ಲ. ಹೊರಬಂದಾಗ ಗೇಟಿನ ಬಳಿ ಚೆನ್ನಾಜಮ್ಮ ನಿಂತಿದ್ದಳು. "ಕುಂತಿದ್ಯಾ ಪೂರ್ತಿ?" ಎಂದಳು. ಹೂಂ ಎಂದೆ. "ಸರಿ ಬುಡು, ಗೆದ್ದೆ," ಎಂದು ಬಿರಬಿರನೆ ಹೊರಟುಹೋದಳು. ನನ್ನ ನೆನಪಿನಲ್ಲಿ ಅದೇ ನಮ್ಮ ಕೊನೆಯ ಭೇಟಿ. ಫಲಿತಾಂಶ ಬರುವ ಮೊದಲೇ ಅವಳು ಹೃದಯಾಘಾತದಿಂದ ತೀರಿಕೊಂಡಳು.

ಈಚೆಗೆ ಇದನ್ನು ಅಪ್ಪನಿಗೆ ಹೇಳಿದೆ. ಅವನು ನಕ್ಕುಬಿಟ್ಟ. "ಚೆನ್ನಾಜಮ್ಮ ಎಲ್ ಬಂದಿದ್ಲು? ಅಂಗಡಿ ಬಾಗ್ಲಾಕಿ ಬಂದು ಗೇಟಲ್ಲಿ ಮೂರು ಗಂಟೆ ಬಿಸಿಲಲ್ಲಿ ನಿಂತಿದ್ದೋನು ನಾನು. ಕುಂತಿದ್ಯಾ ಪೂರ್ತಿ ಅಂತ ನಿನ್ನ ಕೇಳ್ದೋನೂ ನಾನೇ ಕಣ್ಲಾ."

ಅಪ್ಪನ ಮುಖ ನೋಡಿದೆ. ಅವನು ಸುಳ್ಳು ಹೇಳುತ್ತಿರಲಿಲ್ಲ.