ಸೆಲ್ವಿಗೆ ನಾನು ಕೊಟ್ಟ ಒಂದು ಸ್ಟಾರ್

ನಾನು ಪ್ರೈಮರಿ ಶಾಲೆಯ ಕೆಲಸದಿಂದ ನಿವೃತ್ತಳಾದ ಮರುವರ್ಷ ನಡೆದದ್ದು ಇದು. ಶಿವಮೊಗ್ಗದಲ್ಲಿ ತಮ್ಮನ ಮಗಳ ಮದುವೆ. ಹಿಂದಿನ ದಿನ ಬೆಳಿಗ್ಗೆ ಹೊಸ ರವಿಕೆ ಹಾಕಿ ನೋಡಿದರೆ ತೋಳು ಮೇಲೇರುತ್ತಲೇ ಇಲ್ಲ. ಹಳೇ ಅಳತೆ ಕೊಟ್ಟು ಹೊಲಿಸಿದ್ದೆ, ತಪ್ಪು ನನ್ನದೇ.

ಜನ್ನಾಪುರದ ನಮ್ಮ ಬೀದಿಯಲ್ಲಿ ಸೆಲ್ವಿ ಎಂಬಾಕೆ ಮನೆಯ ಮುಂದಿನ ಕೋಣೆಯಲ್ಲೇ ಹೊಸದಾಗಿ ಟೈಲರಿಂಗ್ ಅಂಗಡಿ ಇಟ್ಟಿದ್ದಳು. ಗಂಡನ ಕೆಲಸ ಹೋಗಿತ್ತು. ಮನೆ ನಡೆಯಬೇಕಾದದ್ದು ಅವಳ ಮಿಷನ್ನಿನಿಂದಲೇ. ಅಲ್ಲಿಗೆ ಓಡಿದೆ. ಅವಳು ಕೈಯಲ್ಲಿದ್ದ ಕೆಲಸ ಬದಿಗಿಟ್ಟು, ಊಟಕ್ಕೂ ಏಳದೆ, ಹೊಲಿಗೆಯೆಲ್ಲ ಬಿಚ್ಚಿ ಮಧ್ಯಾಹ್ನ ಮೂರಕ್ಕೆಲ್ಲ ಸರಿಮಾಡಿ ಕೊಟ್ಟಳು. ಮೈಗೆ ಹೇಳಿ ಮಾಡಿಸಿದ ಹಾಗಿತ್ತು.

"ಟೀಚರ್, ಮೊಬೈಲಲ್ಲಿ ನಮ್ಮ ಅಂಗಡಿಗೆ ಸ್ಟಾರ್ ಕೊಡ್ತೀರಾ? ಅದನ್ನ ನೋಡಿ ಜನ ಬರ್ತಾರೆ" ಅಂದಳು.

ನನಗೋ ಬಸ್ಸಿಗೆ ಹೊತ್ತಾಗಿತ್ತು. "ಕೊಡ್ತೀನಮ್ಮ, ಬರ್ತೀನಿ" ಅಂದವಳೇ ಹೊರಟೆ. ಬಸ್ಸಿನಲ್ಲಿ ಕೂತ ಮೇಲೆ ಅವಳು ಕಳಿಸಿದ್ದ ಲಿಂಕ್ ಒತ್ತಿ, ಮನಸಾರೆ ಒಂದು ಸ್ಟಾರ್ ಕೊಟ್ಟೆ.

ತಿಂಗಳಾದ ಮೇಲೆ ಇನ್ನೊಂದು ಬಟ್ಟೆ ಹಿಡಿದು ಹೋದೆ. ಸೆಲ್ವಿ ಎದ್ದು ನಿಂತಳು, ಆದರೆ ಬಟ್ಟೆ ಮುಟ್ಟಲಿಲ್ಲ.

"ಕೆಲಸ ತುಂಬಾ ಇದೆ ಟೀಚರ್. ಬೇರೆ ಕಡೆ ನೋಡ್ತೀರಾ?"

ಹ್ಯಾಂಗರುಗಳೆಲ್ಲ ಖಾಲಿ. ಮಿಷನ್ ಮೇಲೆ ಬಟ್ಟೆಯ ಚೂರೂ ಇರಲಿಲ್ಲ.

"ಯಾಕೆ ಸೆಲ್ವಿ, ನನ್ನ ಮೇಲೆ ಬೇಜಾರಾ?"

"ಎಲ್ಲಿ ತಪ್ಪಾಯ್ತು ಅಂತ ನನಗೇ ಹೇಳಬಹುದಿತ್ತಲ್ಲ ಟೀಚರ್. ನಾಲ್ಕು ಜನ ನೋಡೋ ಕಡೆ ಒಂದು ಸ್ಟಾರ್ ಹಾಕಿಬಿಟ್ರಿ. ಶಿವಮೊಗ್ಗದ ಒಬ್ರು ಮದುವೆಗೆ ಆರು ಬ್ಲೌಸ್ ಕೊಡ್ತೀನಿ ಅಂದಿದ್ರು. ಆಮೇಲೆ ಫೋನೇ ಎತ್ತಲಿಲ್ಲ."

"ಒಂದಲ್ಲದೆ ಇನ್ನೆಷ್ಟು ಕೊಡ್ತಾರಮ್ಮ?"

"ಐದು."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಮೂವತ್ತೆರಡು ವರ್ಷ ಮಕ್ಕಳ ಕಾಪಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ನಕ್ಷತ್ರ ಬರೆದವಳು ನಾನು. ತುಂಬಾ ಚೆನ್ನಾಗಿ ಬರೆದವರಿಗೆ ಮಾತ್ರ, ಅದೂ ಒಂದೇ ಒಂದು. ಎರಡು ಯಾರಿಗೂ ಕೊಟ್ಟವಳಲ್ಲ. ತಡವರಿಸುತ್ತಾ ಅದನ್ನೇ ಹೇಳಿದೆ.

ಸೆಲ್ವಿ ನನ್ನ ಮುಖವನ್ನೇ ನೋಡಿದಳು. ಆಮೇಲೆ "ಅಯ್ಯೋ ಟೀಚರ್!" ಎಂದು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಒಂದನ್ನು ಐದು ಮಾಡೋದು ಹೇಗೆಂದು ಅವಳೇ ತೋರಿಸಿಕೊಟ್ಟಳು. ಅಷ್ಟಕ್ಕೆ ನನಗೆ ಸಮಾಧಾನವಾಗಲಿಲ್ಲ. ಅಲ್ಲೇ ಕೂತು ಒಂದೇ ಬೆರಳಿನಲ್ಲಿ, ಅವಳು ಊಟ ಬಿಟ್ಟು ನನ್ನ ರವಿಕೆ ಸರಿಮಾಡಿದ್ದನ್ನೆಲ್ಲ ಕನ್ನಡದಲ್ಲಿ ಬರೆದೆ. ಮುಕ್ಕಾಲು ಗಂಟೆ ಹಿಡಿಯಿತು. ಮಾರನೆಯ ದಿನ ಪರಿಚಯದವರಿಬ್ಬರನ್ನು ಕರೆದುಕೊಂಡು ಹೋದೆ. ಈಗ ಅವಳಿಗೆ ಕೈತುಂಬ ಕೆಲಸ. ಆ ಆರು ಬ್ಲೌಸಿನ ಆರ್ಡರ್ ಮಾತ್ರ ವಾಪಸ್ ಬರಲೇ ಇಲ್ಲ.

ಆ ಒಂದು ತಿಂಗಳು ಬೀದಿಯಲ್ಲಿ ಎದುರಾದಾಗೆಲ್ಲ ಸೆಲ್ವಿ ತಪ್ಪದೆ "ನಮಸ್ಕಾರ ಟೀಚರ್" ಅಂದಿದ್ದಳು. ನಾನೂ ನಕ್ಕು ಮುಂದೆ ಹೋಗಿದ್ದೆ. ಮನಸ್ಸಿನಲ್ಲಿ ಅಷ್ಟು ನೋವಿಟ್ಟುಕೊಂಡು ಹೇಗೆ ಹಾಗೆ ಅಂದಳೋ ಎಂದು ಇವತ್ತಿಗೂ ಯೋಚಿಸುತ್ತೇನೆ. ರವಿಕೆ ಕೈಗೆ ಬಂದಾಗಲೇ "ತುಂಬಾ ಚೆನ್ನಾಗಿದೆ ಸೆಲ್ವಿ" ಎಂದು ಬಾಯಿಬಿಟ್ಟು ಹೇಳಿದ್ದರೆ, ನಾನು ಎಷ್ಟು ಸ್ಟಾರ್ ಕೊಟ್ಟಿದ್ದರೂ ಅವಳು ಬಂದು "ಯಾಕೆ ಟೀಚರ್ ಹೀಗೆ?" ಎಂದು ಕೇಳುತ್ತಿದ್ದಳೇನೋ.